ಭಿನ್ನರಾಶಿಯಿಂದ ಭಾಗಿಸುವುದನ್ನು ಚಿತ್ರ ಬರೆದು ತೋರಿಸುವ ಕ್ರಮ

“ಎರಡನ್ನು ಮುಕ್ಕಾಲಿನಿಂದ ಭಾಗಿಸಿದರೆ ಎರಡಕ್ಕಿಂತ ಹೆಚ್ಚು ಬರುತ್ತದಲ್ಲ, ಭಾಗ ಮಾಡಿದ ಮೇಲೆ ಇದ್ದದ್ದು ಜಾಸ್ತಿಯಾಗುವುದು ಹೇಗೆ?” ಬಸವನಗುಡಿಯಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಹೀಗೆ ಕೇಳಿದಳು. ನನ್ನ ಮೇಷ್ಟ್ರು ನನಗೆ ಹೇಳಿದ್ದನ್ನೇ ನಾನು ಅವಳಿಗೂ ಹೇಳಿದೆ: ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸು, ಉತ್ತರ ತಾನಾಗಿ ಬರುತ್ತದೆ. ಅವಳು ಹಾಗೆಯೇ ಮಾಡಿದಳು, 8/3 ಎಂಬ ಉತ್ತರವೂ ಸರಿಯಾಗಿಯೇ ಬಂತು, ಕೇಳಿದ ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿಯಿತು. ಮರುದಿನ ಅದನ್ನು ಚಿತ್ರ ಬರೆದು ತೋರಿಸಲು ಹೊರಟಾಗ ನಾನೇ ಎರಡು ಕಡೆ ಎಡವಿದೆ. ಆ ಎಡವಟ್ಟುಗಳನ್ನೂ ಬಿಡದೆ, ಯಾವ ಚಿತ್ರವನ್ನು ಯಾವ ಲೆಕ್ಕಕ್ಕೆ, ಯಾವ ಅನುಕ್ರಮದಲ್ಲಿ ಬಳಸಿದರೆ ಮಕ್ಕಳಿಗೆ ವಿಷಯ ತಿಳಿಯುತ್ತದೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಪಕ್ಕದಲ್ಲೊಂದು ಹಾಳೆಯಿಟ್ಟುಕೊಂಡು ಚಿತ್ರಗಳನ್ನು ತಾವೂ ಬರೆಯುತ್ತ ಓದಿದರೆ ಒಳ್ಳೆಯದು.

ದೋಸೆ ಬೇಡ, ಪಟ್ಟಿ ಇರಲಿ

ನಾನು ಎಡವಿದ ಮೊದಲ ಜಾಗ ದೋಸೆ. ಭಿನ್ನರಾಶಿ ಎಂದೊಡನೆ ದುಂಡಗಿನ ದೋಸೆಯನ್ನೋ ರೊಟ್ಟಿಯನ್ನೋ ಬರೆದು ತುಂಡು ಮಾಡುವ ಅಭ್ಯಾಸ ನಮಗೆಲ್ಲ ಇದೆ, ಮತ್ತು ಅರ್ಧ, ಕಾಲು, ಮುಕ್ಕಾಲುಗಳನ್ನು ಮೊದಲ ಬಾರಿಗೆ ಪರಿಚಯಿಸಲು ಆ ಚಿತ್ರ ಸಾಕು. ಭಾಗಾಕಾರಕ್ಕೆ ಬಂದಾಗ ಅದು ಕೈಕೊಡುತ್ತದೆ. ಒಂದು ತುಂಡಿನ ಮೇಲೆ ಇನ್ನೊಂದು ತುಂಡನ್ನಿಟ್ಟು ಅಳೆಯುವ ಕೆಲಸವೇ ಭಾಗಾಕಾರವಾಗಿರುವುದರಿಂದ, ತ್ರಿಕೋನದಂತಿರುವ ದೋಸೆಯ ತುಂಡುಗಳನ್ನು ಒಂದರ ಪಕ್ಕದಲ್ಲೊಂದು ಜೋಡಿಸಿ ಉದ್ದ ನೋಡಲು ಬರುವುದಿಲ್ಲ. ಇನ್ನು ವೃತ್ತವನ್ನು ಐದು ಸಮಪಾಲು ಮಾಡುವುದಂತೂ ಕೈವಾರ ಹಿಡಿದವರಿಗೂ ಕಷ್ಟವೇ.

ಆದ್ದರಿಂದ ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಒಂದೇ ಅಗಲದ, ಒಂದೇ ಉದ್ದದ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಜೊತೆಗೆ ಒಂದು ಚೌಕುಳಿ ನೋಟ್‌ಬುಕ್, ಎರಡು ಬಣ್ಣದ ಪೆನ್ಸಿಲ್, ಒಂದು ಅಳತೆಪಟ್ಟಿ ಇದ್ದರೆ ಸಾಕು. ಪಟ್ಟಿಯ ಉದ್ದ 12 ಸೆಂಟಿಮೀಟರ್ ಇರುವುದು ಅನುಕೂಲ, ಏಕೆಂದರೆ ಅದನ್ನು ಎರಡು, ಮೂರು, ನಾಲ್ಕು, ಆರು ಸಮಭಾಗಗಳಾಗಿ ಮಾಡಿದರೂ ಗೆರೆಗಳು ಪೂರ್ಣ ಸೆಂಟಿಮೀಟರಿನ ಮೇಲೆಯೇ ಬೀಳುತ್ತವೆ.

ಚಿಹ್ನೆ ಕೇಳುವ ಪ್ರಶ್ನೆ ಯಾವುದು?

ಚಿತ್ರ ಬರೆಯುವ ಮೊದಲು ಭಾಗಾಕಾರದ ಚಿಹ್ನೆಯನ್ನು ಮಾತಿನಲ್ಲಿ ಓದಿಸಬೇಕು. 12 ÷ 3 ಎಂಬುದನ್ನು ಎರಡು ರೀತಿಯಲ್ಲಿ ಓದಬಹುದು. ಹನ್ನೆರಡು ಬಾಳೆಹಣ್ಣನ್ನು ಮೂವರಿಗೆ ಹಂಚಿದರೆ ತಲೆಗೆಷ್ಟು ಎಂಬುದು ಒಂದು. ಹನ್ನೆರಡು ಬಾಳೆಹಣ್ಣಿನಲ್ಲಿ ಮೂರು ಮೂರರ ಗುಂಪು ಎಷ್ಟು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ನಾಲ್ಕೇ ಆದ್ದರಿಂದ ಪ್ರಾಥಮಿಕ ಶಾಲೆಯಲ್ಲಿ ಈ ಎರಡರ ನಡುವಿನ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಮುಕ್ಕಾಲು ಮನುಷ್ಯನಿಗೆ ಬಾಳೆಹಣ್ಣು ಹಂಚಲು ಸಾಧ್ಯವಿಲ್ಲವಾದ್ದರಿಂದ ಭಿನ್ನರಾಶಿಗೆ ಬಂದಾಗ ಮೊದಲ ಓದು ಸಿಕ್ಕಿಹಾಕಿಕೊಳ್ಳುತ್ತದೆ. ಎರಡನೆಯ ಓದು ಸರಾಗವಾಗಿ ಮುಂದುವರಿಯುತ್ತದೆ: 2 ÷ 3/4 ಎಂದರೆ ಎರಡರಲ್ಲಿ ಮುಕ್ಕಾಲು ಎಷ್ಟು ಸಲ ಇದೆ? ಹಂಚುವುದನ್ನು ಸದ್ಯಕ್ಕೆ ಬದಿಗಿಟ್ಟು ಅಳೆಯುವುದನ್ನು ಹಿಡಿದುಕೊಳ್ಳೋಣ.

ಇಲ್ಲಿ ಕನ್ನಡದ್ದೇ ಒಂದು ತೊಡಕಿದೆ. ನಾವು ದಿನಬಳಕೆಯಲ್ಲಿ “ಅರ್ಧ ಭಾಗ ಮಾಡು” ಎಂದಾಗ ಎರಡರಿಂದ ಭಾಗಿಸು ಎಂದೇ ಅರ್ಥ. “ಅರ್ಧದಿಂದ ಭಾಗಿಸು” ಎಂಬುದು ಪುಸ್ತಕದ ಮಾತು. ಮಗುವಿನ ಕಿವಿಗೆ ಎರಡೂ ಒಂದೇ ಆಗಿ ಕೇಳಿಸುತ್ತವೆ. ಆರನ್ನು ಅರ್ಧ ಮಾಡಿದರೆ ಮೂರು, ಆರನ್ನು ಅರ್ಧದಿಂದ ಭಾಗಿಸಿದರೆ ಹನ್ನೆರಡು. ಹೀಗಾಗಿ ಮೊದಲ ಕೆಲವು ದಿನ “ಭಾಗಿಸು” ಎಂಬ ಪದವನ್ನೇ ಬಿಟ್ಟು, “ಆರರಲ್ಲಿ ಅರ್ಧಗಳು ಎಷ್ಟಿವೆ?” ಎಂದೇ ಕೇಳುವುದು ಲೇಸು.

ಅದೇ ಕನ್ನಡ ಇನ್ನೊಂದು ಕಡೆ ನಮ್ಮ ನೆರವಿಗೆ ಬರುತ್ತದೆ. 2/3 ಎಂಬುದನ್ನು ನಾವು “ಮೂರನೇ ಎರಡು” ಎಂದು ಓದುತ್ತೇವೆ. ಮೂರನೇ ಎರಡರಷ್ಟು ಬಹುಮತ ಎಂಬ ಮಾತನ್ನು ಮಕ್ಕಳೂ ಕೇಳಿರುತ್ತಾರೆ. ಅಂದರೆ ತುಂಡಿನ ಗಾತ್ರವನ್ನು ತಿಳಿಸುವ ಛೇದವನ್ನು ಮೊದಲು ಹೇಳಿ, ಅಂಥ ತುಂಡುಗಳು ಎಷ್ಟು ಎಂಬ ಅಂಶವನ್ನು ಆಮೇಲೆ ಹೇಳುತ್ತೇವೆ. ಚಿತ್ರ ಬರೆಯುವ ಕೈಯೂ ಇದೇ ಅನುಕ್ರಮದಲ್ಲಿ ನಡೆಯಬೇಕು: ಮೊದಲು ಮೂರು ಮನೆ ಮಾಡು, ಆಮೇಲೆ ಎರಡಕ್ಕೆ ಬಣ್ಣ ತುಂಬು.

ಬೈಟು ಕಾಫಿಯಿಂದ ಆರಂಭ

ಬೆಂಗಳೂರಿನ ಮಗುವಿಗೆ ಶೇಷವಿಲ್ಲದ ಭಾಗಾಕಾರವನ್ನು ಕಲಿಸಲು ದರ್ಶಿನಿ ಹೋಟೆಲಿನ ಕೌಂಟರ್‌ಗಿಂತ ಒಳ್ಳೆಯ ಜಾಗವಿಲ್ಲ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡರೆ ಅದು ಬೈಟು, ಲೋಟಕ್ಕೆ ಅರ್ಧ ಕಾಫಿ. ಮೂರು ಕಾಫಿಯನ್ನು ಹೀಗೆ ಅರ್ಧರ್ಧವಾಗಿ ಸುರಿದರೆ ಎಷ್ಟು ಲೋಟ ಬೇಕು? ಆರು. ಬರೆಯುವಾಗ 3 ÷ 1/2 = 6. ಉತ್ತರ ಮೂರಕ್ಕಿಂತ ದೊಡ್ಡದಾಯಿತಲ್ಲ ಎಂದು ಇಲ್ಲಿ ಯಾವ ಮಗುವೂ ಗಾಬರಿಯಾಗುವುದಿಲ್ಲ, ಏಕೆಂದರೆ ಹೆಚ್ಚಾದದ್ದು ಲೋಟಗಳ ಸಂಖ್ಯೆ, ಕಾಫಿ ಇದ್ದಷ್ಟೇ ಇದೆ. ಮೂರು ಎಂಬುದು ಕಾಫಿಯ ಲೆಕ್ಕ, ಆರು ಎಂಬುದು ಲೋಟದ ಲೆಕ್ಕ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು ಎಂದು ಈ ಹಂತದಲ್ಲೇ ಹೇಳಿಬಿಡಿ. ಮುಂದೆ ಶೇಷ ಬಂದಾಗ ಇದೇ ಮಾತು ಬೇಕಾಗುತ್ತದೆ.

ಸ್ನೇಹಿತರು ಮೂವರಿದ್ದಾಗ ಎರಡು ಕಾಫಿಯನ್ನು ಮೂರು ಲೋಟಕ್ಕೆ ಹಾಕಿಸಿಕೊಳ್ಳುವ “ಟೂ ಬೈ ತ್ರೀ” ಇನ್ನೂ ಸೊಗಸಾದ ಉದಾಹರಣೆ. ಒಂದೊಂದು ಲೋಟಕ್ಕೂ ಮೂರನೇ ಎರಡು ಕಾಫಿ. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದೊಂದನ್ನೂ ಮೂರು ಮನೆ ಮಾಡಿ, ಎರಡೆರಡು ಮನೆಗೆ ಒಂದೊಂದು ಅಕ್ಷರ ಬರೆಯಿರಿ. ನಡುವಿನ ಗೆರೆ ಒಂದು ಕಾಫಿ ಮುಗಿದು ಇನ್ನೊಂದು ಆರಂಭವಾಗುವ ಜಾಗ:

ಅ ಅ ಆ | ಆ ಇ ಇ

‘ಆ’ ಲೋಟಕ್ಕೆ ಮೊದಲ ಕಾಫಿಯಿಂದ ಒಂದು ಪಾಲು, ಎರಡನೆಯದರಿಂದ ಒಂದು ಪಾಲು ಬಿದ್ದಿದೆ. ಲೋಟಗಳು ಮೂರು, ಆದ್ದರಿಂದ 2 ÷ 2/3 = 3. ನಾಲ್ಕು ಕಾಫಿಯಾದರೆ ಇದೇ ಅಳತೆಯ ಲೋಟ ಎಷ್ಟು ಎಂದು ಕೇಳಿದಾಗ ಮಗು ಚಿತ್ರವಿಲ್ಲದೆಯೇ ಆರು ಎಂದರೆ, ಮುಂದಿನ ಹೆಜ್ಜೆಗೆ ಸಿದ್ಧವಾಗಿದೆ ಎಂದು ತಿಳಿಯಿರಿ.

ಮನೆಯಲ್ಲಿ ಅಜ್ಜಿಯ ಕಾಲದ ಪಾವು, ಚಟಾಕು ಉಳಿದಿದ್ದರೆ ಅವನ್ನೂ ಹೊರತೆಗೆಯಿರಿ. ಒಂದೂವರೆ ಸೇರು ಅಕ್ಕಿಯನ್ನು ಪಾವಿನಲ್ಲಿ ಅಳೆದರೆ ಆರು ಪಾವು, ಅರೆಪಾವಿನಲ್ಲಿ ಅಳೆದರೆ ಹನ್ನೆರಡು, ಚಟಾಕಿನಲ್ಲಿ ಅಳೆದರೆ ಇಪ್ಪತ್ತನಾಲ್ಕು. ಪಾವು ಸೇರಿನ ಕಾಲು ಭಾಗ, ಅರೆಪಾವು ಎಂಟನೇ ಒಂದು, ಚಟಾಕು ಹದಿನಾರನೇ ಒಂದು. ಅಳತೆಯ ಪಾತ್ರೆ ಚಿಕ್ಕದಾದಷ್ಟೂ ಅಳೆದ ಸಂಖ್ಯೆ ದೊಡ್ಡದಾಗುತ್ತದೆ ಎಂಬುದು ಕೈಗೇ ತಿಳಿಯುತ್ತದೆ.

ಎರಡು ಮಾರು ಮಲ್ಲಿಗೆ, ಮುಕ್ಕಾಲು ಮಾರಿನ ದಂಡೆ

ಈಗ ಹುಡುಗಿ ಕೇಳಿದ ಲೆಕ್ಕಕ್ಕೆ ಬರೋಣ. ಗಾಂಧಿ ಬಜಾರಿನಲ್ಲಿ ಹೂವು ಮಾರುವವರು ಮೊಣಕೈಯಿಂದ ಬೆರಳ ತುದಿಯವರೆಗೆ ದಾರ ಎಳೆದು ಮೊಳ ಹಾಕುತ್ತಾರೆ. ನಾಲ್ಕು ಮೊಳ ಸೇರಿದರೆ ಒಂದು ಮಾರು. ಒಂದು ದಂಡೆಗೆ ಮುಕ್ಕಾಲು ಮಾರು ಬೇಕು. ಎರಡು ಮಾರು ಹೂವು ತಂದರೆ ಎಷ್ಟು ದಂಡೆಯಾಗುತ್ತದೆ?

ಎರಡು ಪಟ್ಟಿಗಳನ್ನು ತುದಿಗೆ ತುದಿ ಸೇರಿಸಿ ಅಂಟಿಸಿ, ಒಂದೊಂದನ್ನೂ ನಾಲ್ಕು ಮನೆ ಮಾಡಿ. ಒಂದು ಮನೆ ಒಂದು ಮೊಳ. ಮುಕ್ಕಾಲು ಮಾರು ಎಂದರೆ ಮೂರು ಮೊಳವಾದ್ದರಿಂದ ಮೂರು ಮೂರು ಮನೆಗೆ ಒಂದೊಂದು ಅಕ್ಷರ:

ಅ ಅ ಅ ಆ | ಆ ಆ ಇ ಇ

‘ಅ’ ಒಂದು ದಂಡೆ, ‘ಆ’ ಇನ್ನೊಂದು ದಂಡೆ, ಕೊನೆಯಲ್ಲಿ ಎರಡು ಮೊಳ ಉಳಿಯಿತು. ಇಲ್ಲಿಯವರೆಗೆ ಎಲ್ಲವೂ ಸುಸೂತ್ರ. ಹುಡುಗಿ ಪಟ್ಟಿಯನ್ನು ನೋಡಿ, “ಉಳಿದದ್ದು ಎರಡು ಮೊಳ, ಅಂದರೆ ಅರ್ಧ ಮಾರು. ಹಾಗಾದರೆ ಉತ್ತರ ಎರಡೂವರೆ” ಎಂದಳು. ನಾನೂ ತಲೆಯಾಡಿಸಿದೆ. ಆಮೇಲೆ ಅವಳು ಹಿಂದಿನ ದಿನದ ಪುಟ ತಿರುಗಿಸಿ 8/3 ಎಂಬುದರ ಮೇಲೆ ಬೆರಳಿಟ್ಟು, ಎಂಟನ್ನು ಮೂರರಿಂದ ಭಾಗಿಸಿ, ಎರಡು ಪೂರ್ಣ ಮೂರನೇ ಎರಡು ಎಂದು ಬರೆದು, ಚಿತ್ರ ತಪ್ಪೋ ಲೆಕ್ಕ ತಪ್ಪೋ ಎಂದು ನನ್ನ ಮುಖ ನೋಡಿದಳು. ನಾನು ಎಡವಿದ ಎರಡನೆಯ ಜಾಗ ಇದು, ಮತ್ತು ಈ ಇಡೀ ಪಾಠದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗವೂ ಇದೇ.

ಚಿತ್ರ ತಪ್ಪಿಲ್ಲ, ಲೆಕ್ಕವೂ ತಪ್ಪಿಲ್ಲ. ತಪ್ಪಿದ್ದು ಉಳಿದ ತುಂಡಿಗೆ ನಾವು ಇಟ್ಟ ಹೆಸರಿನಲ್ಲಿ. ಕೊನೆಯ ಎರಡು ಮೊಳ ಮಾರಿನ ಲೆಕ್ಕದಲ್ಲಿ ಅರ್ಧವೇ ಹೌದು. ಆದರೆ ಪ್ರಶ್ನೆ ಕೇಳಿದ್ದು ಎಷ್ಟು ಮಾರು ಎಂದಲ್ಲ, ಎಷ್ಟು ದಂಡೆ ಎಂದು. ಒಂದು ದಂಡೆಗೆ ಮೂರು ಮೊಳ ಬೇಕಾದಲ್ಲಿ ನಮ್ಮ ಕೈಯಲ್ಲಿರುವುದು ಎರಡು ಮೊಳ, ಆದ್ದರಿಂದ ಅದು ದಂಡೆಯ ಮೂರನೇ ಎರಡು. ಎರಡು ದಂಡೆ ಮತ್ತು ದಂಡೆಯ ಮೂರನೇ ಎರಡು ಸೇರಿ 8/3 ಆಯಿತು. ಎರಡೂವರೆ ಎಂದು ಬರೆದಾಗ ನಾವು ದಂಡೆಯ ಲೆಕ್ಕಕ್ಕೆ ಮಾರಿನ ಲೆಕ್ಕವನ್ನು ಅಂಟಿಸಿದ್ದೆವು. ಕಾಫಿಗೂ ಲೋಟಕ್ಕೂ ಗಂಟು ಹಾಕಬಾರದು ಎಂದು ಹಿಂದೆ ಹೇಳಿದ್ದು ಇದಕ್ಕಾಗಿಯೇ.

ಇದನ್ನು ಕಣ್ಣಿಗೆ ಕಾಣಿಸಲು ಒಂದು ಉಪಾಯವಿದೆ. ಮೂರು ಮನೆ ಉದ್ದದ ಬೇರೊಂದು ತುಂಡನ್ನು ಬಣ್ಣದ ಕಾಗದದಲ್ಲಿ ಕತ್ತರಿಸಿ, ಅದರ ಮೇಲೆ “ಒಂದು ದಂಡೆ” ಎಂದು ಬರೆದು, ಮಗುವಿನ ಕೈಗೆ ಕೊಡಿ. ಅಳೆಯುವಾಗ ಆ ತುಂಡನ್ನೇ ಪಟ್ಟಿಯ ಮೇಲೆ ಇಡುತ್ತ ಹೋಗಲಿ. ಎರಡು ಸಲ ಪೂರ್ತಿಯಾಗಿ ಕೂರುತ್ತದೆ, ಮೂರನೆಯ ಸಲ ಒಂದು ಮನೆಯಷ್ಟು ಭಾಗ ಪಟ್ಟಿಯ ಆಚೆ ಚಾಚಿಕೊಳ್ಳುತ್ತದೆ. ಹೀಗೆ ಚಾಚಿಕೊಂಡದ್ದನ್ನು ಕಂಡ ಮಗು ಬಣ್ಣದ ತುಂಡಿನ ಎಷ್ಟು ಪಾಲು ಒಳಗಿದೆ ಎಂದು ತಾನೇ ನೋಡುತ್ತದೆ. ಶೇಷವನ್ನು ಯಾವುದರಿಂದ ಅಳೆಯಬೇಕು ಎಂಬ ಉಪದೇಶದ ಅಗತ್ಯವೇ ಬೀಳುವುದಿಲ್ಲ.

ಅದೇ ಚಿತ್ರದಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಮಾರುಗಳನ್ನೆಲ್ಲ ಮೊಳಕ್ಕೆ ಇಳಿಸಿದ ಮೇಲೆ ನಾವು ನಿಜವಾಗಿ ಮಾಡಿದ್ದು 8 ÷ 3 ಎಂಬ ಸಾಮಾನ್ಯ ಭಾಗಾಕಾರ. ಎರಡನ್ನೂ ಒಂದೇ ಗಾತ್ರದ ತುಂಡುಗಳಲ್ಲಿ ಹೇಳಿದೊಡನೆ ಭಿನ್ನರಾಶಿ ಮಾಯವಾಗಿ ಪೂರ್ಣ ಸಂಖ್ಯೆಗಳು ಉಳಿಯುತ್ತವೆ. ಗಾಂಧಿ ಬಜಾರಿನ ಹೂವಾಡಗಿತ್ತಿಗೆ ಈ ಲೆಕ್ಕ ಕಷ್ಟವಾಗದಿರುವುದು ಅವಳು ಮುಕ್ಕಾಲು ಮಾರು ಎನ್ನದೆ ಮೂರು ಮೊಳ ಎನ್ನುವುದರಿಂದ.

ತರ್ಟಿ ಫಾರ್ಟಿ ಸೈಟಿನ ಮೇಲೆ ಎರಡು ಛೇದ

ಛೇದಗಳು ಬೇರೆ ಬೇರೆಯಾದಾಗ ಯಾವ ತುಂಡಿಗೆ ಇಳಿಸಬೇಕು ಎಂಬುದು ಮುಂದಿನ ಪ್ರಶ್ನೆ. 3/4 ÷ 2/3 ತೆಗೆದುಕೊಳ್ಳಿ. ಒಂದು ಕಾಲಿನ ತುಂಡು, ಇನ್ನೊಂದು ಮೂರನೇ ಒಂದರ ತುಂಡು. ಪಟ್ಟಿಯಲ್ಲಿ ಇವುಗಳ ಗೆರೆಗಳು ಒಂದರ ಮೇಲೊಂದು ಬೀಳದೆ ಚಿತ್ರ ಗೊಂದಲವಾಗುತ್ತದೆ. ಇಲ್ಲಿ ಪಟ್ಟಿಯನ್ನು ಬಿಟ್ಟು ಆಯತಕ್ಕೆ ಬರಬೇಕು.

ನಮ್ಮೂರಿನಲ್ಲಿ ಆಯತ ಎಂದರೆ ಸೈಟು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ, ಒಟ್ಟು 1200 ಚದರ ಅಡಿ. ಹತ್ತು ಹತ್ತು ಅಡಿಗೆ ಗೆರೆ ಎಳೆದರೆ ಅಡ್ಡಸಾಲು ಮೂರು, ಕಂಬಸಾಲು ನಾಲ್ಕು, ಒಟ್ಟು ಹನ್ನೆರಡು ಚೌಕ. ಒಂದೊಂದು ಚೌಕ 100 ಚದರ ಅಡಿ. ಸೈಟನ್ನು ಅಳೆದವರು ಯಾರೋ ಭಿನ್ನರಾಶಿಯ ಪಾಠಕ್ಕೆಂದೇ ಈ ಅಳತೆ ಇಟ್ಟಿರಬೇಕು ಎನ್ನಿಸುವಷ್ಟು ಅಚ್ಚುಕಟ್ಟಾಗಿ ಹೊಂದುತ್ತದೆ. ಕಂಬಸಾಲು ನಾಲ್ಕಿರುವುದರಿಂದ ನಾಲ್ಕನೇ ಮೂರು ಎಂದರೆ ಮೂರು ಕಂಬಸಾಲಿಗೆ ಬಣ್ಣ:

● ● ● ○
● ● ● ○
● ● ● ○

ಅಡ್ಡಸಾಲು ಮೂರಿರುವುದರಿಂದ ಮೂರನೇ ಎರಡು ಎಂದರೆ ಎರಡು ಅಡ್ಡಸಾಲಿಗೆ ಬಣ್ಣ:

● ● ● ●
● ● ● ●
○ ○ ○ ○

ಮೊದಲನೆಯದರಲ್ಲಿ ಒಂಬತ್ತು ಚೌಕ, ಎರಡನೆಯದರಲ್ಲಿ ಎಂಟು. ಈಗ ಕೇಳಬೇಕಾದದ್ದು ಒಂಬತ್ತರಲ್ಲಿ ಎಂಟು ಎಷ್ಟು ಸಲ ಎಂದು ಮಾತ್ರ. ಒಂದು ಸಲ ಪೂರ್ತಿ, ಮೇಲೆ ಒಂದು ಚೌಕ. ಆ ಒಂದು ಚೌಕ ಇಡೀ ಸೈಟಿನ ಹನ್ನೆರಡನೇ ಒಂದಾದರೂ, ಅಳತೆಗೋಲು ಎಂಟು ಚೌಕದ್ದಾದ್ದರಿಂದ ಎಂಟನೇ ಒಂದು ಎಂದೇ ಹೆಸರಿಸಬೇಕು. ಉತ್ತರ 9/8. ಚದರ ಅಡಿಯಲ್ಲಿ ಪರೀಕ್ಷಿಸಿದರೂ 900ನ್ನು 800ರಿಂದ ಭಾಗಿಸಿದಂತಾಯಿತು, ಅಷ್ಟೇ.

ಎರಡೂ ಚಿತ್ರಗಳನ್ನು ಒಂದೇ ಗಾತ್ರದ ಆಯತದಲ್ಲೇ ಬರೆಸಬೇಕು ಎಂಬುದನ್ನು ಮರೆಯಬೇಡಿ. ಮಕ್ಕಳು ಪುಟದಲ್ಲಿ ಜಾಗ ಕಡಿಮೆಯಾಯಿತೆಂದು ಎರಡನೆಯ ಆಯತವನ್ನು ಚಿಕ್ಕದಾಗಿ ಬರೆದುಬಿಡುತ್ತಾರೆ. ಸಂಖ್ಯೆಗಳು ಹೊಂದಿಕೊಂಡರೂ ಕಣ್ಣಿಗೆ ಕಾಣುವುದು ಸುಳ್ಳಾಗುತ್ತದೆ.

ಅದೇ ಸೈಟಿನಲ್ಲಿ ಎರಡನ್ನೂ ಅದಲುಬದಲು ಮಾಡಿ 2/3 ÷ 3/4 ಕೇಳಿ. ಎಂಟರಲ್ಲಿ ಒಂಬತ್ತು ಒಂದು ಸಲವೂ ಪೂರ್ತಿಯಾಗಿ ಇಲ್ಲ. “ಎಷ್ಟು ಸಲ” ಎಂಬ ಪ್ರಶ್ನೆ ಇಲ್ಲಿ ಸ್ವಲ್ಪ ಮುಗ್ಗರಿಸುತ್ತದೆ, ಆದ್ದರಿಂದ “ಎಷ್ಟು ಪಾಲು” ಎಂದು ಬದಲಿಸಿಕೊಳ್ಳಬೇಕು. ಮುಕ್ಕಾಲು ಲೀಟರ್ ಹಿಡಿಯುವ ಪಾತ್ರೆಗೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಸುರಿದರೆ ಪಾತ್ರೆಯ ಎಷ್ಟು ಪಾಲು ತುಂಬುತ್ತದೆ ಎಂಬುದು ಇದೇ ಜಾತಿಯ ಲೆಕ್ಕ: ಪಾತ್ರೆಗೆ ಮೂರು ಗೆರೆ, ಹಾಲು ಎರಡು ಗೆರೆಯವರೆಗೆ, ಆದ್ದರಿಂದ 1/2 ÷ 3/4 = 2/3. ಭಾಜಕವೇ ಭಾಜ್ಯಕ್ಕಿಂತ ದೊಡ್ಡದಾದರೆ ಉತ್ತರ ಒಂದಕ್ಕಿಂತ ಕಡಿಮೆ ಎಂಬುದು ಅಡುಗೆಮನೆಯಲ್ಲಿ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ತಲೆಕೆಳಗು ಮಾಡುವುದು ಎಲ್ಲಿಂದ ಬಂತು?

ಅಳೆಯುವ ಓದು ಭಾಗಾಕಾರವನ್ನು ತಿಳಿಸುತ್ತದೆಯೇ ಹೊರತು, ಭಿನ್ನರಾಶಿಯನ್ನು ಏಕೆ ತಿರುಗಿಸಬೇಕು ಎಂಬುದನ್ನು ಅಷ್ಟು ನೇರವಾಗಿ ತೋರಿಸುವುದಿಲ್ಲ. ಅದಕ್ಕೆ ನಾವು ಬದಿಗಿಟ್ಟ ಹಂಚುವ ಓದನ್ನೇ ಮರಳಿ ಕರೆಯಬೇಕು, ಸ್ವಲ್ಪ ವೇಷ ಬದಲಿಸಿ. ಹನ್ನೆರಡು ಹಣ್ಣನ್ನು ಮೂವರಿಗೆ ಹಂಚುವಾಗ ನಾವು ಕೇಳುವುದು “ಒಬ್ಬರಿಗೆ ಎಷ್ಟು?” ಎಂದು. ಜನರ ಬದಲು ಹೊತ್ತನ್ನಿಟ್ಟರೆ “ಒಂದು ಗಂಟೆಗೆ ಎಷ್ಟು?” ಎಂದಾಗುತ್ತದೆ, ಮತ್ತು ಗಂಟೆಯನ್ನು ಎಷ್ಟು ಬೇಕಾದರೂ ತುಂಡು ಮಾಡಬಹುದು.

ನೆಲದ ಸಂಪಿನಿಂದ ಮಹಡಿಯ ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟಾರನ್ನು ಬೆಂಗಳೂರಿನ ಮಕ್ಕಳು ದಿನಾ ನೋಡುತ್ತಾರೆ. ಮೋಟಾರು ಗಂಟೆಯ ಮೂರನೇ ಎರಡು ಹೊತ್ತು ಓಡಿದಾಗ ಟ್ಯಾಂಕು ಅರ್ಧ ತುಂಬಿತು ಎನ್ನಿ. ಪೂರ್ತಿ ಒಂದು ಗಂಟೆ ಓಡಿದರೆ ಎಷ್ಟು ತುಂಬುತ್ತದೆ? ಬರಹದಲ್ಲಿ ಇದು 1/2 ÷ 2/3. ಒಂದರ ಕೆಳಗೊಂದು ಎರಡು ಸಮಾನಾಂತರ ಗೆರೆ ಎಳೆಯಿರಿ. ಮೇಲಿನದು ಗಂಟೆಯ ಗೆರೆ, ಕೆಳಗಿನದು ಟ್ಯಾಂಕಿನ ಗೆರೆ. ಎರಡರ ಎಡತುದಿಯಲ್ಲೂ ಸೊನ್ನೆ. ಮೇಲೆ 2/3 ಎಂದು ಗುರುತು ಹಾಕಿ, ಅದರ ನೇರ ಕೆಳಗೆ 1/2 ಎಂದು ಬರೆಯಿರಿ.

ಈಗ ಮೇಲಿನ ಗೆರೆಯಲ್ಲಿ ಎರಡು ಹೆಜ್ಜೆ ನಡೆಯಬೇಕು. ಮೊದಲು ಹಿಂದಕ್ಕೆ: ಮೂರನೇ ಎರಡರಿಂದ ಮೂರನೇ ಒಂದಕ್ಕೆ ಬರಲು ಹೊತ್ತನ್ನು ಎರಡರಿಂದ ಭಾಗಿಸಬೇಕು, ಆಗ ಕೆಳಗಿನ ಅರ್ಧವೂ ಎರಡು ಪಾಲಾಗಿ ಕಾಲು ಟ್ಯಾಂಕಾಗುತ್ತದೆ. ಆಮೇಲೆ ಮುಂದಕ್ಕೆ: ಮೂರನೇ ಒಂದರಿಂದ ಪೂರ್ತಿ ಗಂಟೆಗೆ ಹೋಗಲು ಹೊತ್ತನ್ನು ಮೂರರಿಂದ ಗುಣಿಸಬೇಕು, ಆಗ ಕೆಳಗಿನ ಕಾಲೂ ಮೂರು ಪಟ್ಟಾಗಿ ಮುಕ್ಕಾಲು ಟ್ಯಾಂಕಾಗುತ್ತದೆ. ನಿಮಿಷದಲ್ಲಿ ಹೇಳುವುದಾದರೆ 40 ನಿಮಿಷಕ್ಕೆ ಅರ್ಧ, 20 ನಿಮಿಷಕ್ಕೆ ಕಾಲು, 60 ನಿಮಿಷಕ್ಕೆ ಮುಕ್ಕಾಲು. ಅರ್ಧಕ್ಕೆ ನಾವು ಮಾಡಿದ್ದೇನು? ಎರಡರಿಂದ ಭಾಗಿಸಿ ಮೂರರಿಂದ ಗುಣಿಸಿದೆವು, ಅಂದರೆ 3/2ರಿಂದ ಗುಣಿಸಿದೆವು. ಭಾಜಕದ ಅಂಶವಾಗಿದ್ದ ಎರಡು ಭಾಗಿಸುವ ಕೆಲಸಕ್ಕೂ, ಛೇದವಾಗಿದ್ದ ಮೂರು ಗುಣಿಸುವ ಕೆಲಸಕ್ಕೂ ಹೋದವು. ತಲೆಕೆಳಗು ಮಾಡುವುದು ಎಂಬ ಮಂತ್ರದ ಒಳಗಿರುವುದು ಈ ಎರಡು ಹೆಜ್ಜೆಗಳು: ಒಂದು ಪಾಲಿಗೆ ಇಳಿ, ಪೂರ್ತಿಗೆ ಏರು.

ಈ ವಿಧಾನ ಇತ್ತೀಚಿನದೇನಲ್ಲ. ಬ್ರಹ್ಮಗುಪ್ತ 628ರಲ್ಲೇ ಇದನ್ನು ಹೇಳಿದ್ದಾನೆ. ನಮ್ಮ ನೆಲದ ಮಟ್ಟಿಗೆ ಹೇಳುವುದಾದರೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗಳಿಗೆಂದೇ ಕಲಾಸವರ್ಣ ಎಂಬ ಅಧ್ಯಾಯವನ್ನು ಮೀಸಲಿಟ್ಟು, ಭಾಜಕದ ಛೇದವನ್ನು ಅಂಶವಾಗಿಸಿಕೊಂಡು ಗುಣಾಕಾರದಂತೆಯೇ ಮುಂದುವರಿಯಬೇಕು ಎಂದು ಸೂತ್ರ ಕೊಟ್ಟಿದ್ದಾನೆ. ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಅವನು ನಿರುದ್ಧ ಎಂದು ಕರೆದ. ಸೈಟಿನಲ್ಲಿ ನಾವು ಎಣಿಸಿದ ಹನ್ನೆರಡು ಚೌಕ, ಮೂರು ಮತ್ತು ನಾಲ್ಕರ ನಿರುದ್ಧವೇ.

ಮಕ್ಕಳು ತಪ್ಪುವ ಕೆಲವು ಕಡೆ

ತಲೆಕೆಳಗು ಮಾಡುವಾಗ ಮೊದಲನೆಯದನ್ನೇ ತಿರುಗಿಸಿಬಿಡುವುದು ಸಾಮಾನ್ಯ ತಪ್ಪು. ನಿಯಮವನ್ನು ಮತ್ತೆ ಬಾಯಿಪಾಠ ಮಾಡಿಸುವುದರಿಂದ ಅದು ಹೋಗುವುದಿಲ್ಲ. ಲೆಕ್ಕಕ್ಕೆ ಮೊದಲು ಉತ್ತರ ಒಂದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಅಂದಾಜು ಹೇಳಿಸಿದರೆ ಹೋಗುತ್ತದೆ. 3/4 ÷ 2/3ರಲ್ಲಿ ಮುಕ್ಕಾಲೇ ದೊಡ್ಡದು, ಆದ್ದರಿಂದ ಉತ್ತರ ಒಂದಕ್ಕಿಂತ ತುಸು ಹೆಚ್ಚಿರಬೇಕು. 8/9 ಬಂದರೆ ತಿರುಗಿಸಿದ್ದು ತಪ್ಪಾಗಿದೆ ಎಂದು ಮಗುವೇ ಹಿಡಿಯುತ್ತದೆ.

ಮಿಶ್ರ ಭಿನ್ನರಾಶಿಗಳಲ್ಲಿ ಇನ್ನೊಂದು ಬಗೆಯ ಅಡಚಣೆಯಿದೆ. ಎರಡೂವರೆಯನ್ನು ಒಂದೂಕಾಲಿನಿಂದ ಭಾಗಿಸು ಎಂದರೆ, ಕೂಡಿಸುವಾಗಿನ ಅಭ್ಯಾಸದಂತೆ ಎರಡನ್ನು ಒಂದರಿಂದ ಭಾಗಿಸಿ ಎರಡು, ಅರ್ಧವನ್ನು ಕಾಲಿನಿಂದ ಭಾಗಿಸಿ ಎರಡು, ಒಟ್ಟು ನಾಲ್ಕು ಎಂದು ಬರೆಯುವವರಿದ್ದಾರೆ. ಮೊಳದ ಪಟ್ಟಿ ತೆಗೆಯಿರಿ. ಎರಡೂವರೆ ಮಾರು ಹತ್ತು ಮೊಳ, ಒಂದೂಕಾಲು ಮಾರು ಐದು ಮೊಳ, ಉತ್ತರ ಎರಡೇ. ಅಳತೆಗೋಲನ್ನು ತುಂಡರಿಸಿ ಬೇರೆ ಬೇರೆಯಾಗಿ ಅಳೆಯಲು ಬರುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಚಿತ್ರದ ಉತ್ತರವನ್ನು ಗುಣಿಸಿ ಸರಿನೋಡುವ ಅಭ್ಯಾಸವನ್ನೂ ಮಾಡಿಸಿ: ದಂಡೆಗಳು 8/3, ದಂಡೆಗೆ 3/4 ಮಾರು, ಗುಣಿಸಿದರೆ ಎರಡು ಮಾರು ಮರಳಿ ಬರಬೇಕು.

ಎಲ್ಲಿಯವರೆಗೆ ಚಿತ್ರ?

ಛೇದಗಳು ಚಿಕ್ಕವಾಗಿರುವಾಗ, ಅಂದರೆ ಆರು ಎಂಟರವರೆಗೆ, ಚಿತ್ರವೇ ಲೆಕ್ಕ ಮಾಡಿಕೊಡುತ್ತದೆ. ಅದರಾಚೆ ಗೆರೆಗಳೇ ಹೊರೆಯಾಗುತ್ತವೆ. ನಾನು ಬೇಕೆಂದೇ ಒಂದು ದಿನ ಹುಡುಗಿಗೆ 5/7 ÷ 3/11 ಕೊಟ್ಟು ಸೈಟು ಬರೆಯಲು ಹೇಳಿದೆ. ಅವಳು ಏಳು ಕಂಬಸಾಲು ಎಳೆದು, ಹನ್ನೊಂದು ಅಡ್ಡಸಾಲು ಎಳೆಯಲು ಹೊರಟು, ಮೂರನೆಯ ಗೆರೆಗೆ ಪೆನ್ಸಿಲ್ ನಿಲ್ಲಿಸಿದಳು. ಐದು ಕಂಬಸಾಲು, ಒಂದೊಂದರಲ್ಲೂ ಹನ್ನೊಂದು ಚೌಕ, ಐವತ್ತೈದು. ಮೂರು ಅಡ್ಡಸಾಲು, ಒಂದೊಂದರಲ್ಲೂ ಏಳು ಚೌಕ, ಇಪ್ಪತ್ತೊಂದು. “ಮಿಕ್ಕ ಗೆರೆ ಎಳೆಯಬೇಕಾ?” ಎಂದು ಕೇಳಿದಳು. ಬೇಡ ಎಂದೆ. ಅವಳು 55/21 ಎಂದು ಬರೆದು, ಪಕ್ಕದಲ್ಲಿ 5/7 × 11/3 ಎಂದು ತಲೆಕೆಳಗಿನ ವಿಧಾನದಲ್ಲೂ ಬರೆದು, ಎರಡರ ನಡುವೆ ಒಂದು ಸಮ ಚಿಹ್ನೆ ಹಾಕಿದಳು.